ಕೂಸಿನ ಗೋಡೆಗೆ ಯಾವ ಊರಿನ ಗಿಡ?

ಸಿಂಧನೂರಿನ ಅಂಚಿನಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ಪ್ಲಾಟುಗಳಾಗುತ್ತಿವೆ. ಮಸ್ಕಿ, ಲಿಂಗಸುಗೂರಿನಲ್ಲೂ ಊರು ಹೊಲದ ಕಡೆಗೆ ಸರಿಯುತ್ತಿದೆ. ಅಲ್ಲಿ ಏಳುವ ಹೊಸ ಮನೆಗಳಲ್ಲಿ ಮಕ್ಕಳಿಗೆಂದೇ ಒಂದು ಖೋಲಿ. ಪಡಸಾಲೆಯಲ್ಲಿ ಒಂದೇ ಜಮಖಾನೆಯ ಮೇಲೆ, ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಸಾಲಾಗಿ ಮಲಗಿ ಬೆಳೆದ ತಲೆಮಾರಿಗೆ ಅದು ಹೊಸದು. ಖೋಲಿಯಾದ ಮೇಲೆ ಅದರ ಗೋಡೆಗೆ ಏನು ತೆಗೆಸಬೇಕು ಎಂಬ ಮಾತು ಬಂದೇ ಬರುತ್ತದೆ.

ಇಲ್ಲಿ ಮಾತಾಡುವವರು ಆರು ವರ್ಷದ ಮಗಳ ಖೋಲಿಗೆ ಕಾಡು ತೆಗೆಸಬೇಕೆಂದಿರುವ ತಾಯಿ, ಲಿಂಗಸುಗೂರು ತಾಲೂಕಿನ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಆ ತಾಯಿಯ ಸೋದರಮಾವ, ಮತ್ತು ಗೋಡೆ ನೋಡಲು ಬಂದ ಮಸ್ಕಿ ಕಡೆಯ ಪೇಂಟರ್. ಜೀವಮಾನವೆಲ್ಲ ಚಿತ್ರ ಕಲಿಸಿದವರೇ ಗೋಡೆಗೆ ಚಿತ್ರ ಬೇಡ ಎನ್ನುತ್ತಿದ್ದಾರೆ. ಅದಕ್ಕೇ ಈ ಮಾತನ್ನು ಬರೆದಿಡಬೇಕೆನಿಸಿತು.

ತಾಯಿ: ಈ ಗ್ವಾಡಿ ತುಂಬ ಕಾಡು ತೆಗೆಸಬೇಕಂತ ಮಾಡೀನಿ ಮಾವ. ದೊಡ್ಡ ದೊಡ್ಡ ಗಿಡ, ಹಿಂದ ಗುಡ್ಡ, ಒಂದು ಜಲಪಾತ, ಜಿಂಕಿ, ನವಿಲು. ಅಕಿ ಮುಂಜಾನೆ ಕಣ್ಣು ಬಿಟ್ಟ ಕೂಡ್ಲೇ ಹಸಿರು ಕಾಣಬೇಕು.

ಮಾಸ್ತರ: ಜಲಪಾತ ಎಲ್ಲಿಂದ ತಂದಿ?

ತಾಯಿ: ಮೊಬೈಲಿನ್ಯಾಗ ನೋಡಿದ್ದು. ಎಲ್ಲಿದಾದ್ರೇನು, ಚಂದ ಐತಲ್ಲ?

ಮಾಸ್ತರ: ನಾ ನೌಕರಿ ಮಾಡಿದಷ್ಟು ದಿನಾನೂ ಹುಡುಗರ ಕೈಗೆ ಹಾಳಿ ಕೊಟ್ಟು, ನಿಮಗ ಬೇಕಾದ್ದು ತೆಗೀರಿ ಅಂದೀನಿ. ಅವರು ತೆಗೆದದ್ದು ಯಾವಾಗಲೂ ಒಂದೇ. ಎರಡು ತ್ರಿಕೋನದ ಗುಡ್ಡ, ನಡುವ ಸೂರ್ಯ, ಅಲ್ಲಿಂದ ಇಳಿಯೋ ಹೊಳಿ, ದಂಡಿಗೊಂದು ಗುಡಿಸಲು, ಬಾಗಿದ ತೆಂಗಿನ ಗಿಡ. ಸೀನರಿ ಅಂತಾರ ಅದಕ್ಕ. ಮಸ್ಕಿ ಹುಡುಗನೂ ಅದನ್ನೇ ತೆಗೀತಿದ್ದ. ಅವನ ಕಣ್ಣೆದುರಿಗೆ ದುರುಗದ ಗುಡ್ಡ ಐತಿ, ಬಂಡಿ ಮ್ಯಾಲ ಬಂಡಿ ಕುಂತ ಗುಡ್ಡ. ಅದರಾಗ ತ್ರಿಕೋನ ಹುಡುಕಿದ್ರೂ ಸಿಗಂಗಿಲ್ಲ. ದಿನಾ ಅದನ್ನ ನೋಡ್ತಿದ್ದ ಹುಡುಗ, ಪೆನ್ಸಿಲ್ ಹಿಡಿದ್ರ ಮಾತ್ರ ಕ್ಯಾಲೆಂಡರಿನ ಗುಡ್ಡ ತೆಗೀತಿದ್ದ. ಈಗ ನೀ ಹತ್ತಡಿ ಗ್ವಾಡಿ ಮ್ಯಾಲ ಜಲಪಾತ ತೆಗೆಸು. ನಿನ್ನ ಮಗಳಿಗೆ ನಿಸರ್ಗ ಅಂದ್ರ ಅದೇ ಆಗಿಬಿಡ್ತೈತಿ. ತಾ ನೋಡಿದ್ದನ್ನ ತೆಗಿಯೋ ಧೈರ್ಯ ಅಕಿಗೆ ಹೋಗ್ತೈತಿ.

ತಾಯಿ: ಬರಿ ಗ್ವಾಡಿ ಬಿಟ್ರ ಧೈರ್ಯ ಬರ್ತೈತೇನು? ಈ ಕಿಟಕಿ ತೆಗೆದು ನೋಡ್ರಿ. ಎದುರಿಗೆ ಇನ್ನೊಬ್ಬರ ಸಿಮೆಂಟ್ ಗ್ವಾಡಿ. ಏಪ್ರಿಲ್ ಬಂತಂದ್ರ 42 ಡಿಗ್ರಿ. ಸಾಲಿ ವ್ಯಾನಿಂದ ಇಳಿದು ಒಳಗ ಬಂದ ಹುಡುಗಿ ಹೊತ್ತು ಮುಳುಗೋ ತನಕ ಹೊರಗ ಕಾಲಿಡಂಗಿಲ್ಲ. ಉಳಿದದ್ದು ಮೊಬೈಲ್. ನಾ ಸುಮ್ಮನ ಶೋಕಿಗೆ ಹೇಳಾಕ ಹತ್ತಿಲ್ಲ. 1984ರಾಗ ರೋಜರ್ ಉಲ್ರಿಕ್ ಅನ್ನೋರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರಿ ದಾಖಲೆ ತೆಗೆದು ನೋಡಿದ್ರು. ಪಿತ್ತಕೋಶದ ಆಪರೇಷನ್ ಆದ 23 ಮಂದಿಗೆ ಕಿಟಕ್ಯಾಗ ಗಿಡ ಕಾಣ್ತಿತ್ತು, ಇನ್ನ 23 ಮಂದಿಗೆ ಇಟ್ಟಿಗಿ ಗ್ವಾಡಿ ಕಾಣ್ತಿತ್ತು. ಗಿಡ ಕಂಡವರು ಲಗೂನ ಮನಿಗೆ ಹೋದ್ರು, ನೋವಿನ ಔಷಧಾನೂ ಕಡಿಮಿ ತಗೊಂಡ್ರು.

ಮಾಸ್ತರ: ಅವರು ನೋಡಿದ್ದು ಖರೇ ಗಿಡ. ಗಾಳಿ ಬಿಟ್ರ ಎಲಿ ಅಲುಗಾಡ್ತಿತ್ತು, ಹೊತ್ತು ಏರಿದಂಗ ನೆಳ್ಳು ಸರೀತಿತ್ತು. ಬಣ್ಣದ ಗಿಡ ಯುಗಾದಿಗೂ ಹಂಗೇ, ದಸರಾಕ್ಕೂ ಹಂಗೇ. ಓದಿದ್ದು ನಾನೂ ಹೇಳ್ತೀನಿ ಕೇಳು. 2014ರಾಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 24 ಸಣ್ಣ ಹುಡುಗರಿಗೆ ಕೆಲವು ಪಾಠ ಚಿತ್ರ ತುಂಬಿದ ಖೋಲ್ಯಾಗ, ಕೆಲವು ಪಾಠ ಬರಿ ಗ್ವಾಡಿ ಖೋಲ್ಯಾಗ ಮಾಡಿದ್ರು. ಚಿತ್ರದ ಖೋಲ್ಯಾಗ ಹುಡುಗರು ಹೆಚ್ಚು ಹೊತ್ತು ಅತ್ತಿತ್ತ ನೋಡಿದ್ರು, ಕಲಿತದ್ದೂ ಕಡಿಮಿ ಆತು.

ತಾಯಿ: ಅದು ಪಾಠದ ಖೋಲಿ. ಇದು ನಿದ್ದಿ ಖೋಲಿ. ಇಲ್ಲಿ ನನ್ನ ಮಗಳು ಅತ್ತಿತ್ತ ನೋಡಲಿ ಅಂತನೇ ನಾ ಬಯಸೋದು.

ಈ ಮಾತಿಗೆ ಮಾಸ್ತರರ ಹತ್ತಿರ ಉತ್ತರವಿರಲಿಲ್ಲ. ತಾಯಿ ಅಷ್ಟಕ್ಕೇ ಬಿಡಲಿಲ್ಲ. ಅವರದೇ ಮಾತನ್ನು ಅವರ ಮುಂದೆ ತಂದಿಟ್ಟಳು.

ತಾಯಿ: ನಾವು ಸಣ್ಣವರಿದ್ದಾಗ ಮುದಗಲ್ ಕಡೆ ಪಿಕಳಿಹಾಳದ ಗುಡ್ಡಕ್ಕ ನಮ್ಮನ್ನ ಕರಕೊಂಡು ಹೋದವರು ನೀವೇ. ಬಂಡಿ ಸಂದ್ಯಾಗ ಕೆಮ್ಮಣ್ಣಿಲೆ ತೆಗೆದ ಚಿತ್ರ, ಕಲ್ಲಿಲೆ ಬಡಿದು ಬಡಿದು ಮೂಡಿಸಿದ ಎತ್ತು, ಎಲ್ಲಾ ತೋರಿಸಿದ್ರಿ. ಆಲ್ಚಿನ್ ಅನ್ನೋ ಇಂಗ್ಲೆಂಡಿನ ವಿದ್ವಾಂಸ 1952ರಾಗ ಇಲ್ಲಿ ಅಗೆದು, 1960ರಾಗ ಪುಸ್ತಕ ಬರೆದ ಅಂತನೂ ಹೇಳಿದ್ರಿ. ಆ ಹಳೇ ಮಂದಿ ತಾವು ಇದ್ದ ಜಾಗದಾಗನೇ ಗ್ವಾಡಿಗೆ ಚಿತ್ರ ತೆಗೆದ್ರು. ಅವರ ಮಕ್ಕಳೂ ಅಲ್ಲೇ ಮಲಗಿರಬೇಕು. ಹಂತಾ ನಾಡಿನ್ಯಾಗ ಹುಟ್ಟಿದ ನನ್ನ ಮಗಳ ಗ್ವಾಡಿ ಯಾಕ ಬರಿದಿರಬೇಕು?

ಮಾಸ್ತರ: ಒಳ್ಳೇ ಕಡೆ ಹಿಡಿದಿ. ಹಂಗಾದ್ರ ಅಲ್ಲಿ ಏನು ತೆಗೆದಿದ್ರು, ನೆನಪು ಮಾಡ್ಕೊ. ದನ. ಮತ್ತ ದನ. ಹಿಣಿಲು ಎದ್ದ ಎತ್ತು, ಉದ್ದ ಕೋಡು, ಸೀದಾ ಬೆನ್ನು. ನವಶಿಲಾಯುಗದ ದನಗಾಹಿ ಮಂದಿ ಅವರು. ದನದ ಸಗಣಿ ಸುಟ್ಟ ಬೂದಿದಿಬ್ಬ ಈ ಭಾಗದಾಗ ಈಗೂ ಅದಾವ. ಅವರಿಗೆ ಗಿಡ ಗೊತ್ತಿರಲಿಲ್ಲೇನು? ಹೊಳಿ ಗೊತ್ತಿರಲಿಲ್ಲೇನು? ಆದ್ರೂ ಸೀನರಿ ತೆಗೀಲಿಲ್ಲ. ತಮ್ಮ ಬದುಕು ಯಾವುದರ ಮ್ಯಾಲ ನಿಂತಿತ್ತೋ ಅದನ್ನ ತೆಗೆದ್ರು. ಎತ್ತಿನ ಬೆನ್ನಿನ ಆ ಗೆರಿ ಒಂದೇ ಎಳೆತದಾಗ ಬಂದೈತಿ. ದಿನಾ ದನದ ಹಿಂದ ಅಡ್ಡಾಡಿದ ಕೈಗೆ ಮಾತ್ರ ಬರೋ ಗೆರಿ ಅದು. ಮತ್ತ ಅವರು ಪೇಂಟರನ್ನ ಕರೆಸಲಿಲ್ಲವಾ, ತಾವೇ ತೆಗೆದ್ರು.

ತಾಯಿ: ಎಲ್ಲಾರೂ ತೆಗೀತಿದ್ರು ಅಂತ ನಿಮಗ ಹೆಂಗ ಗೊತ್ತು? ಅವರಾಗೂ ಕೈ ಪಳಗಿದವನೊಬ್ಬ ಇದ್ದಾನು. ಉಳಿದವರು ಅವನ ಕಡೆಯಿಂದ ತೆಗೆಸಿರಬೇಕು.

ಮಾಸ್ತರ: ಇದ್ರೂ ಇರಬಹುದು. ಇಲ್ಲ ಅನ್ನಂಗಿಲ್ಲ.

ತಾಯಿ: ಇನ್ನೊಂದು ಮಾತು. ಬದುಕು ಯಾವುದರ ಮ್ಯಾಲ ನಿಂತೈತಿ ಅದನ್ನ ತೆಗೀಬೇಕು ಅಂದ್ರಿ. ನಮ್ಮ ಬದುಕು ನಿಂತದ್ದು ಭತ್ತದ ಮ್ಯಾಲ. ಆತು, ಜಲಪಾತ ಬಿಡ್ತೀನಿ. ಗದ್ದಿ ತೆಗೆಸ್ತೀನಿ. ದಂಡಿಗೆ ಈಚಲು ಗಿಡ, ಅದಕ್ಕ ಜೋತು ಬಿದ್ದ ಗೀಜಗನ ಗೂಡು, ಬೆಳ್ಳಕ್ಕಿ ಸಾಲು. ಇದು ಸಿಂಧನೂರಿನ ನಿಸರ್ಗ ಹೌದಲ್ಲ?

ಮಾಸ್ತರ: ಈ ನೆಲದ್ದು ಅಲ್ಲ, ಕಾಲುವೆದು. ತುಂಗಭದ್ರಾ ಡ್ಯಾಮಿನ ನೀರು 1953ರಿಂದ ಈಚೆಗೆ ಬಂದದ್ದು. ಅದಕ್ಕೂ ಮೊದಲು ಇದೆಲ್ಲ ಎರಿ ಭೂಮಿ. ಜೋಳ, ಸಜ್ಜಿ, ಹತ್ತಿ, ಮಳಿ ಬಂದ್ರ ಬೆಳಿ. ಕಣ್ಣು ಹಾಯೋ ತನಕ ಬಯಲು, ಬದುವಿಗೊಂದು ಬೇವು, ಒಂದು ಜಾಲಿ. ನಮ್ಮಪ್ಪ ಹೇಳ್ತಿದ್ದ, ಚಿಗರಿ ಹಿಂಡು ಜೋಳದ ಹೊಲಕ್ಕ ಬೀಳ್ತಿದ್ವಂತ. ಎರ್ಲಡ್ಡು ನೋಡಿದ್ದನ್ನೂ ಹೇಳ್ತಿದ್ದ. ಒಂದು ಮೀಟರ್ ಎತ್ತರದ ಹಕ್ಕಿ, ರಾಜನಂಗ ನಡೀತೈತಿ. ನಿಸರ್ಗ ತೆಗೆಸೋದಾದ್ರ ಆ ಬಯಲು ತೆಗೆಸು, ಎರ್ಲಡ್ಡು ತೆಗೆಸು.

ತಾಯಿ: ಮಾವ, ಎರ್ಲಡ್ಡನ್ನ ನೀವೇ ನೋಡಿಲ್ಲ. ನನ್ನ ಮಗಳಿಗೆ ಜಲಪಾತವೂ ಕಂಡಿಲ್ಲ, ಎರ್ಲಡ್ಡೂ ಕಂಡಿಲ್ಲ. ಅಕಿ ಪಾಲಿಗೆ ಎರಡರಾಗ ಏನು ಫರಕು? ನೋಡಿದ್ದನ್ನ ತೆಗೀಬೇಕು ಅಂತ ಮೊದಲು ಹೇಳಿದವರು ನೀವು.

ಮಾಸ್ತರ: ಫರಕು ಐತಿ. ಜಲಪಾತ ಇಲ್ಲಿ ಎಂದೂ ಇದ್ದಿಲ್ಲ. ಎರ್ಲಡ್ಡು ಇಲ್ಲಿತ್ತು, ಹೋತು. ಹೊಳಿ ದಾಟಿ ಸಿರುಗುಪ್ಪ ತಾಲೂಕಿಗೆ ಹೋದ್ರ ಬೆರಳೆಣಿಕಿಯಷ್ಟು ಉಳಿದಾವ. ದೇಶದಾಗೆಲ್ಲ ಕೂಡಿ 200ಕ್ಕಿಂತ ಕಡಿಮಿ. ಅದನ್ನ ಗ್ವಾಡಿ ಮ್ಯಾಲ ನೋಡಿದ ಹುಡುಗಿ ಒಂದು ದಿನ ಕೇಳ್ತಾಳ, ಇದು ಎಲ್ಲಿ ಹೋತು ಅಂತ. ಜಲಪಾತ ನೋಡಿದವಳು ಹಂಗ ಕೇಳಂಗಿಲ್ಲ.

ತಾಯಿ: ಆರು ವರ್ಷದ ಕೂಸಿನ ಹಾಸಿಗಿ ಮ್ಯಾಲ ಹೋದವರ ಫೋಟೋ ಹಾಕಿದಂಗ ಆಗಂಗಿಲ್ಲೇನು? ನಾವು ಕಳಕೊಂಡದ್ದರ ದುಃಖ ಅಕಿ ಯಾಕ ಹೊರಬೇಕು? ಗದ್ದಿ ಕಾಲುವೆದಾದ್ರೂ ಅಕಿ ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. 70 ವರ್ಷದಿಂದ ಬೆಳ್ಳಕ್ಕಿ ಆ ನೀರಾಗ ಮೀನ ಹಿಡದಾವ. ಇನ್ನೆಷ್ಟು ವರ್ಷ ಆದ್ರ ನೀವು ಅದನ್ನ ನಿಸರ್ಗ ಅಂತೀರಿ?

ಮಾಸ್ತರ: ಕಾಲುವಿ ತೆಗೆಸಿದ್ರ, ನೀರು ಬಿಟ್ಟ ಕಾಲುವಿ ತೆಗೆಸ್ತೀಯೋ, ಬಿಡದ ಕಾಲುವಿಯೋ? 2024ರ ಆಗಸ್ಟಿನ್ಯಾಗ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಈ ಊರಾಗ ಎಷ್ಟು ಮಂದಿ ನಿದ್ದಿ ಮಾಡಿದ್ರು?

ತಾಯಿ: ಯಾರೂ ಮಾಡಿಲ್ಲ. ಅದಕ್ಕೇ ಹೇಳ್ತೀನಿ, ನಮಗೆಲ್ಲ ಅದು ಅಷ್ಟು ಹತ್ತಿರದ್ದು.

ಪೇಂಟರ್ ಇಷ್ಟು ಹೊತ್ತು ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. ಎಲ್ಲಿ ಟೊಳ್ಳು ಸದ್ದು ಬರುತ್ತದೋ ಅಲ್ಲಿ ಸೀಸದಕಡ್ಡಿಯಿಂದ ಸಣ್ಣ ಸುತ್ತು ಹಾಕಿದ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕಿಗೆ ಉಗುರು ತೂರಿಸಿ ನೋಡಿದ. ನೆಲದಿಂದ ಒಂದಡಿ ಎತ್ತರದವರೆಗೆ ಬಿಳಿ ಹುಡಿ ಎದ್ದಿತ್ತು. ಅದನ್ನು ಕೈಯಿಂದ ಒರೆಸಿ, ನಾಲಿಗೆಗೆ ತಾಗಿಸಿ ನೋಡಿದ.

ಪೇಂಟರ್: ಉಪ್ಪು ಐತ್ರಿ. ಕೆಳಗಿಂದ ತ್ಯಾವ ಏರಾಕ ಹತ್ತೈತಿ. ಗದ್ದಿ ಇದ್ದ ನೆಲ, ಸುತ್ತ ಇನ್ನೂ ನೀರು ನಿಲ್ತೈತಿ. ಇದರ ಮ್ಯಾಲ ಏನು ತೆಗೆದ್ರೂ ಆರು ತಿಂಗಳಿಗೆ ಹಪ್ಪಳದಂಗ ಏಳ್ತೈತಿ. ಆ ಬಿರುಕು ಎರಿ ನೆಲದ್ದು. ಮಳಿಗಾಲದಾಗ ನೆಲ ಉಬ್ಬತೈತಿ, ಬ್ಯಾಸಿಗ್ಯಾಗ ಬಿರೀತೈತಿ, ಪಾಯ ಅಲುಗಾಡ್ತೈತಿ. ಬಿರುಕು ಕಡದು ಅಗಲ ಮಾಡಿ ತುಂಬಬೇಕು, ಒಂದು ಬ್ಯಾಸಿಗಿ ನೋಡಬೇಕು. ಹೊಸ ಪ್ಲಾಸ್ಟರ್ ಮಾಡಿದ ಕಡೆ ಕನಿಷ್ಠ 28 ದಿನ ಬಿಡಬೇಕು. ಇಲ್ಲಾಂದ್ರ ಸಿಮೆಂಟಿನ ಖಾರಕ್ಕ ಬಣ್ಣ ಸುಟ್ಟು ಹೋಗ್ತೈತಿ.

ತಾಯಿ: ಬಣ್ಣ ಯಾವುದು ಹಾಕ್ತೀರಿ? ಕೂಸು ಮಲಗೋ ಖೋಲಿ.

ಪೇಂಟರ್: ನೀರಿನ ಬಣ್ಣ, ಅಕ್ರಿಲಿಕ್. ಎಣ್ಣಿ ಬಣ್ಣ ಬ್ಯಾಡ, ಅದರ ವಾಸನಿ ತಿಂಗಳಾದ್ರೂ ಹೋಗಂಗಿಲ್ಲ. ಮನ್ಯಾಗ ಹಳೇ ಡಬ್ಬಿ ಉಳಿದಾವ, ಅದನ್ನೇ ಹಚ್ಚು ಅಂತಾರ ಕೆಲವರು. ನಾ ಹಚ್ಚಂಗಿಲ್ಲ. ಹಳದಿ, ಕೆಂಪು ಹೊಳೀಲಿ ಅಂತ ಮೊದಲು ಸೀಸ ಕೂಡಸ್ತಿದ್ರು. 2017ರ ನವೆಂಬರ್ 1ರಿಂದ ಕಾನೂನು ಬಂದೈತಿ, ಹತ್ತು ಲಕ್ಷ ಪಾಲಿನ್ಯಾಗ ಸೀಸ 90 ಪಾಲು ಮೀರಬಾರದು. ಡಬ್ಬಿ ಮ್ಯಾಲ ಬರೆದಿರ್ತಾರ, ನೀವೇ ಓದಿ ಕೊಡಿಸ್ರಿ. ಸಣ್ಣ ಮಕ್ಕಳು ಗ್ವಾಡಿ ಕೆರೀತಾವ, ಬಾಯಿಗೆ ಬೆಳ್ಳು ಇಡ್ತಾವ. ಸೀಸ ಮಿದುಳಿಗೆ ಹತ್ತತೈತಿ.

ಮಾಸ್ತರ: ನೀ ಎಲ್ಲಿ ಕೆಲಸ ಮಾಡ್ತಿದ್ದಿಯಪ್ಪಾ?

ಪೇಂಟರ್: ಬೆಂಗಳೂರಾಗ್ರಿ. ನಮ್ಮ ಮಂದಿ ಗುಳೆ ಹೋಗ್ತಾರಲ್ಲ, ಹಂಗೇ ಹೋದಾಂವ. ಮೊದಲು ಸುಣ್ಣ ಬಳೀತಿದ್ದೆ, ಆಮ್ಯಾಲ ಮಕ್ಕಳ ಖೋಲಿ ಕೆಲಸ ಸಿಕ್ತು. ಅಪಾರ್ಟ್‌ಮೆಂಟಿನ ಗ್ವಾಡಿಗೆ ಜಿರಾಫಿ, ಆನಿ, ತಾಳಿ ಗಿಡ ಭಾಳ ತೆಗೆದೀನಿ. ಫೋಟೋ ಕೊಡ್ತಾರ, ನೂಲಿಗೆ ನೀಲಿ ಹುಡಿ ಹಚ್ಚಿ ಗ್ವಾಡಿಗೆ ಚಿಮ್ಮಿ ಚೌಕ ಹೊಡಕೋತೀನಿ, ಒಂದೊಂದು ಚೌಕ ತುಂಬ್ತಾ ಹೋಗ್ತೀನಿ. ಬೇವಿನ ಗಿಡ ತೆಗಿ ಅಂತ ಇಷ್ಟು ದಿನದಾಗ ಒಬ್ಬರೂ ಕೇಳಿಲ್ಲ. ಕೇಳಿದ್ರ ನನಗ ಕಷ್ಟರಿ, ಖರೇ ಹೇಳ್ತೀನಿ. ತೆಂಗು ನಾಕು ಎಳೆತಕ್ಕ ಬರ್ತೈತಿ. ಬೇವಿನ ಎಲಿ ಕುಡಗೋಲಿನಂಗ ಬಾಗಿರ್ತೈತಿ, ಒಂದು ಮಗ್ಗಲು ಅಗಲ, ಒಂದು ಮಗ್ಗಲು ಸಣ್ಣ, ಅಂಚು ಗರಗಸ. ಡಬ್ಬಿ ಹಸಿರು ಅದಕ್ಕ ಹೊಂದಂಗಿಲ್ಲ, ಕಾವಿ ಹಳದಿ ಕೂಡಿಸಿ ತೊಟ್ಟು ಕಪ್ಪು ಬಿಡಬೇಕು. ಯುಗಾದಿ ಟೈಮಿನ ಚಿಗುರು ಆದ್ರ ತಾಮ್ರದ ಬಣ್ಣ. ಹುಟ್ಟಿದಾಗಿಂದ ಅದರ ನೆಳ್ಳಾಗ ಮಲಗೀನಿ, ಆದ್ರೂ ತೆಗೀಬೇಕಾದ್ರ ಕಟ್ಟಿ ಮ್ಯಾಲ ಕುಂತು ಮತ್ತೊಮ್ಮಿ ನೋಡಬೇಕು.

ಮಾಸ್ತರ: ಕೇಳಿದೇನವಾ? ಇದೇ ನಾ ಹೇಳಾಕ ಹತ್ತಿದ್ದು. ಇವರು ಬೇವು ತೆಗೆದ್ರ ಇವರೇ ಒಂದು ಗಿಡ ನೋಡಿದಂಗ ಆಗ್ತೈತಿ. ಜಲಪಾತಕ್ಕ ಫೋಟೋ ಸಾಕು.

ತಾಯಿ: ಹಂಗಾದ್ರ ನೀವು ಗ್ವಾಡಿ ಚಿತ್ರ ಬ್ಯಾಡ ಅನ್ನಾಕ ಹತ್ತಿಲ್ಲ. ನೋಡಿ ತೆಗೀಲಿ ಅಂತ ಹೇಳಾಕ ಹತ್ತೀರಿ.

ಮಾಸ್ತರ: ಇಲ್ಲ, ನನಗ ಇನ್ನೂ ಬ್ಯಾಡ. ನನ್ನ ಮನಸಿನ್ಯಾಗ ಇರೋದು ಬ್ಯಾರೇ. ನಮ್ಮವ್ವ ದಸರಾ ಬಂತಂದ್ರ ಗ್ವಾಡಿಗೆ ಸುಣ್ಣ ಬಳದು, ಕೆಳಗ ಕೆಮ್ಮಣ್ಣಿನ ಕಾರಣಿ ಎಳೀತಿದ್ಳು. ನಾವು ಹುಡುಗರು ವರ್ಷದುದ್ದಕ್ಕೂ ಇದ್ದಲಿಯಿಂದ ಗೀಚ್ತಿದ್ವಿ, ಮುಂದಿನ ದಸರಾಕ್ಕ ಮತ್ತ ಸುಣ್ಣ. ಎಲ್ಲಾ ಹೋತು, ಮತ್ತ ಹೊಸದು. ಈ ಗ್ವಾಡಿಗೂ ಸುಣ್ಣ ಬಳಿ. ಹುಡುಗಿ ಕೈಗೆ ಇದ್ದಲಿ, ಕೆಮ್ಮಣ್ಣು ಕೊಡು. ಪೇಂಟರಿಗೆ ಕೊಡೋ ರೊಕ್ಕದಾಗ ಸಾಲಿ ಅಂಗಳದಾಗ ಬೇವಿನ ಸಸಿ ಹಚ್ಚಿ ಬೇಲಿ ಕಟ್ಟಿಸು.

ತಾಯಿ: ಸಸಿ ಹಚ್ಚಸ್ತೀನಿ. ಅದು ನೆಳ್ಳು ಕೊಡೋ ಹೊತ್ತಿಗೆ ಅಕಿ ಕಾಲೇಜಿಗೆ ಹೋಗಿರ್ತಾಳ. ಅಕಿ ಸಣ್ಣಕಿ ಇರೋದು ಈಗ. ಸುಣ್ಣದ ಗ್ವಾಡಿ ಅಂದ್ರಿ, ಕೈಗೆ ಹತ್ತೋ ಸುಣ್ಣ ಹಾಸಿಗಿಗೆ, ಕಣ್ಣಿಗೆ ಹೋಗ್ತೈತಿ. ವರ್ಷಾ ವರ್ಷ ಬಳಿಯೋ ಕೆಲಸ ಮಾಡಿದವರು ಯಾರು? ನಿಮ್ಮವ್ವ. ನೀವು ಗೀಚಿದ್ರಿ, ಬಳದವರು ಅವರು. ನಾ ಮುಂಜಾನೆ ಎಂಟಕ್ಕ ಡ್ಯೂಟಿಗೆ ಹೋದ್ರ ಬರೋದು ಸಂಜಿ ಏಳಕ್ಕ. ನನಗ ಒಮ್ಮಿ ತೆಗೆಸಿದ್ರ ಐದಾರು ವರ್ಷ ನಿಲ್ಲೋದು ಬೇಕು. ಮಸ್ಕಿ ಬಂಡಿ ಮ್ಯಾಲ ಅಶೋಕನ ಹೆಸರು ಎರಡು ಸಾವಿರ ವರ್ಷದ ಮ್ಯಾಲ ನಿಂತೈತಿ. ನಾ ಹಂತಾದ್ದು ಕೇಳಾಕ ಹತ್ತಿಲ್ಲ.

ಮಾಸ್ತರ ಸುಮ್ಮನಾದರು. ವರ್ಷವರ್ಷದ ಸುಣ್ಣದ ಹಿಂದೆ ಯಾರ ಕೈಗಳು ಒಡೆದಿದ್ದವು ಎಂಬ ಲೆಕ್ಕ ಅವರ ಮಾತಿನಲ್ಲಿ ಬಿಟ್ಟುಹೋಗಿತ್ತು. ಹಳೆಯ ಮನೆಗಳ ಬಗ್ಗೆ ಬರೆಯುವ ನಾವೆಲ್ಲರೂ ಈ ಲೆಕ್ಕ ಬಿಡುತ್ತೇವೆ. ಹಾಗೆಂದು ಮಾಸ್ತರರ ಅಂಜಿಕೆ ಸುಳ್ಳೂ ಅಲ್ಲ. ನಮ್ಮ ಎಷ್ಟೋ ಅಂಗನವಾಡಿ, ಶಾಲೆಗಳ ಗೋಡೆಗಳ ಮೇಲೆ ಎಂಥ ಗುಡ್ಡ, ಎಂಥ ಗಿಡ ಇವೆಯೆಂದು ಒಮ್ಮೆ ನೋಡಿದರೆ ಅವರು ಯಾಕೆ ಅಷ್ಟು ಗಟ್ಟಿಯಾಗಿ ಬೇಡವೆನ್ನುತ್ತಾರೆಂದು ತಿಳಿಯುತ್ತದೆ.

ಪೇಂಟರ್: ಕೂಸನ್ನೊಮ್ಮಿ ಕೇಳ್ರಿ. ಬೆಂಗಳೂರಾಗ ಯಾರೂ ಕೇಳಂಗಿಲ್ಲ, ನಾ ಮಾತ್ರ ಕೇಳ್ತೀನಿ.

ಕೇಳಿದಾಗ ಹುಡುಗಿ ಹೆಚ್ಚು ಹೊತ್ತು ಯೋಚಿಸಲಿಲ್ಲ. ಗದ್ದೆಯಲ್ಲಿ ಕೆಸರು ಮಾಡುವ ಟ್ರ್ಯಾಕ್ಟರ್ ತೆಗೆಯಬೇಕು, ಕಬ್ಬಿಣದ ಪಟ್ಟಿಯ ಗಾಲಿ ಇರುವುದೇ ಆಗಬೇಕು, ಅದರ ಹಿಂದೆ ಬೆಳ್ಳಕ್ಕಿಗಳು ಬರಬೇಕು ಎಂದಳು. ಎಷ್ಟು ಬೆಳ್ಳಕ್ಕಿ ಎಂದು ಪೇಂಟರ್ ಕೇಳಿದ್ದಕ್ಕೆ, ಭಾಳ, ಒಂದು ಮಾತ್ರ ಕಪ್ಪಿ ಹಿಡಿದಿರಬೇಕು ಎಂದಳು.

ತಾಯಿ: ಟ್ರ್ಯಾಕ್ಟರಾ? ದಿನಾ ಅದರ ಸಪ್ಪಳ ಕೇಳಿ ಕೇಳಿ ಸಾಕಾಗೈತಿ. ಮಲಗೋ ಖೋಲಿಗೂ ಅದೇ ಬೇಕಾ?

ಮಾಸ್ತರ: ನನಗೂ ಟ್ರ್ಯಾಕ್ಟರ್ ಸೇರಂಗಿಲ್ಲ. ಆದ್ರ ಆ ಕಪ್ಪಿ ಹಿಡಿದ ಬೆಳ್ಳಕ್ಕಿ ಯಾವ ಕ್ಯಾಲೆಂಡರಿನ್ಯಾಗೂ ಇಲ್ಲ. ಅಕಿ ಅದನ್ನ ಗದ್ಯಾಗ ನೋಡ್ಯಾಳ. ಅದನ್ನ ಅಕೀನೇ ತೆಗೀಲಿ, ಇವರು ಯಾಕ?

ತಾಯಿ: ಅಕಿ ಕೈಗೆ ನಿಲುಕೋದು ಮೂರಡಿ. ಮ್ಯಾಲಿನ ಏಳಡಿ?

ಮಾಸ್ತರ: ಖಾಲಿ ಬಿಡು. ಎರಿ ಬಯಲಿನ ಆಕಾಶ ಹಂಗೇ ಇರ್ತೈತಿ.

ತಾಯಿ: ಇಲ್ಲ ಮಾವ. ಮ್ಯಾಲ ನನಗ ಬೇವಿನ ಟೊಂಗಿ ಬೇಕು, ಚಿಗುರಿದ ಟೊಂಗಿ, ಇವರು ಕಟ್ಟಿ ಮ್ಯಾಲ ಕುಂತು ನೋಡಿ ತೆಗೆದದ್ದು. ಅಷ್ಟು ನಾ ಬಿಡಂಗಿಲ್ಲ.

ಮಾಸ್ತರ: ತೆಗೆಸು. ನಾ ಒಪ್ಪಿಲ್ಲ ಅನ್ನೋದೂ ನಿನಗ ಗೊತ್ತಿರಲಿ.

ಗೋಡೆಯ ಉಪ್ಪು ಮಾತ್ರ ಇಬ್ಬರ ಮಾತನ್ನೂ ಕೇಳುವುದಿಲ್ಲ. ತೇವ ಆರಬೇಕು, ಬಿರುಕು ತುಂಬಬೇಕು, ಒಂದು ಬೇಸಿಗೆ ಕಳೆಯಬೇಕು. ಅಲ್ಲಿಯವರೆಗೆ ಗೋಡೆ ಬಿಳಿಯಾಗಿಯೇ ಇರುತ್ತದೆ. ಆ ನಡುವೆ ಚಳಿಗಾಲದ ಒಂದು ಭಾನುವಾರ ಪೇಂಟರನ್ನೂ ಕರೆದುಕೊಂಡು ಎಲ್ಲರೂ ಪಿಕಳಿಹಾಳಕ್ಕೆ ಹೋಗಿಬರುವುದೆಂದು ಮಾತಾಗಿದೆ.

ಅಲ್ಲಿಗೆ ಹೋಗುವ ಎಲ್ಲರಲ್ಲೂ ಒಂದು ವಿನಂತಿ. ಬಂಡೆಯ ಚಿತ್ರ ಮಸುಕಾಗಿ ಕಂಡರೆ ಫೋಟೋ ಚೆನ್ನಾಗಿ ಬರಲೆಂದು ನೀರು ಎರಚಬೇಡಿ, ಸೀಮೆಸುಣ್ಣದಿಂದ ಗೆರೆ ತಿದ್ದಬೇಡಿ, ಕೈಯಿಂದ ಒರೆಸಬೇಡಿ. ಜೊತೆಗೆ ಮಕ್ಕಳಿದ್ದರೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಡಿ. ಅವರು ಕೂತು ಎತ್ತಿನ ಬೆನ್ನಿನ ಗೆರೆಯನ್ನು ಹಾಳೆಯ ಮೇಲೆ ತೆಗೆಯಲಿ.